ನೇತ್ರಾಣಿಯ ನೀರಿನೊಳಗೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಜನರಾದ ನಾವು ನೀರಿಗೆ ಹೊಸಬರೇನಲ್ಲ. ಲಕ್ಷ್ಮಣತೀರ್ಥ ನಮ್ಮ ಹುಣಸೂರಿನ ನಡುವೆಯೇ ಹರಿದು ಹೋಗುತ್ತದೆ. ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳ ಮೇಲಿಂದ ಧುಮುಕುತ್ತಾಳೆ. ಕೋಟೆಯ ಕಡೆ ಬೀಚನಹಳ್ಳಿಯಲ್ಲಿ ಕಬಿನಿಯ ಹಿನ್ನೀರು ಕಾಡಿನಂಚಿನವರೆಗೂ ಹರಡಿಕೊಂಡಿದೆ. ಇವಲ್ಲದೆ ಊರಿಗೊಂದು ಕೆರೆ, ತೋಟಕ್ಕೊಂದು ಬಾವಿ, ಹೊಲದ ಬದಿಗೆ ನಾಲೆ. ಇಷ್ಟೆಲ್ಲ ಇದ್ದರೂ ನಮ್ಮ ಮನೆಗಳಲ್ಲಿ ಈಜು ಬಲ್ಲವರನ್ನು ಎಣಿಸಲು ಒಂದು ಕೈಬೆರಳು ಸಾಕು. ಹೆಣ್ಣುಮಕ್ಕಳಲ್ಲಂತೂ ಇಲ್ಲವೆಂದೇ ಹೇಳಬೇಕು. ನೀರನ್ನು ಕುಡಿಯುತ್ತೇವೆ, ಬೆಳೆಗೆ ಹಾಯಿಸುತ್ತೇವೆ, ಪೂಜೆಗೆ ತರುತ್ತೇವೆ. ಅದರ ಒಳಗೆ ಇಳಿಯುವುದೆಂದರೆ ಮಾತ್ರ ಮನೆಮಂದಿಗೆಲ್ಲ ಎದೆ ಡವಗುಟ್ಟುತ್ತದೆ.

ನಮ್ಮ ಮನೆಯಲ್ಲಿ ಈ ಅಂಜಿಕೆಗೆ ಕಾರಣವೂ ಇತ್ತು. 1979ರ ಬೇಸಿಗೆ ರಜೆಯಲ್ಲಿ ನಮ್ಮ ಅಣ್ಣ ಗೆಳೆಯರೊಡನೆ ಲಕ್ಷ್ಮಣತೀರ್ಥದ ಮಡುವೊಂದರಲ್ಲಿ ಸ್ನಾನಕ್ಕಿಳಿದವನು ಮೇಲೆ ಬರಲಿಲ್ಲ. ಅವನಿಗೆ ಆಗ ಹದಿಮೂರು, ನಮಗೆ ಒಂಬತ್ತು. ಹೊಳೆ ಸೊರಗಿ ಮಂಡಿಯುದ್ದಕ್ಕೆ ಹರಿಯುತ್ತಿದ್ದ ಕಾಲವದು. ಅಂಥ ಹೊಳೆಯಲ್ಲಿಯೂ ಬಂಡೆಯ ಬುಡದಲ್ಲಿ ಎರಡಾಳುದ್ದದ ಗುಂಡಿ ಇರುತ್ತದೆಂಬುದು ಹುಡುಗರಿಗೆ ತಿಳಿದಿರಲಿಲ್ಲ. ಅಂದಿನಿಂದ ಅವ್ವ ಮಕ್ಕಳನ್ನಾಗಲಿ ಮುಂದೆ ಮೊಮ್ಮಕ್ಕಳನ್ನಾಗಲಿ ಹೊಳೆಯ ಕಡೆಗೆ ಬಿಡಲಿಲ್ಲ. ಜಾತ್ರೆಗೆಂದು ನದೀತೀರಕ್ಕೆ ಹೋದರೂ ಚೊಂಬಿನಲ್ಲಿ ನೀರು ಮೊಗೆದು ತಂದು ದಡದಲ್ಲಿಯೇ ನಮ್ಮ ತಲೆಗೆ ಚಿಮುಕಿಸುತ್ತಿದ್ದರು. ಹೀಗೆ ಹೊಳೆಯ ದಂಡೆಯ ಊರಿನಲ್ಲಿ ಹುಟ್ಟಿ, ಐವತ್ತು ದಾಟುವವರೆಗೂ ಎದೆಮಟ್ಟದ ನೀರನ್ನು ಕಾಣದೆ ಬೆಳೆದವರು ನಾವು.

ಇಂಥ ಮನೆಯ ಮಗಳಿಗೆ ಕಡಲಿನ ತಳವನ್ನು ನೋಡುವ ಬಯಕೆ ಹುಟ್ಟಿತು. ಅದಕ್ಕೆ ಬೀಜ ಬಿದ್ದದ್ದು 2022ರ ಅಕ್ಟೋಬರ್‌ನಲ್ಲಿ ತೆರೆಕಂಡ 'ಗಂಧದ ಗುಡಿ' ಚಿತ್ರದಿಂದ. ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಒಂದು ವರ್ಷಕ್ಕೆ ಬಂದ ಆ ಚಿತ್ರದಲ್ಲಿ ಅವರು ನಾಡಿನ ಕಾಡು ಕಡಲುಗಳನ್ನು ಸುತ್ತುತ್ತ ನೇತ್ರಾಣಿಯಲ್ಲಿ ನೀರಿಗಿಳಿಯುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿದೆವು. ಅಪ್ಪುವನ್ನು ಕಂಡು ಅವ್ವ ಕಣ್ಣೊರೆಸಿಕೊಂಡರು. ಮಗಳು ಅದೇ ದೃಶ್ಯವನ್ನು ಕಂಡು, ನಾನೂ ಒಂದು ದಿನ ಅಲ್ಲಿಗೆ ಹೋಗುತ್ತೇನೆ ಎಂದಳು. ಆಗ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ನೌಕರಿಗೆ ಸೇರಿ, ಸ್ವಂತ ಸಂಪಾದನೆಯಿಂದ ಹಣ ಕೂಡಿಸಿಟ್ಟು, ಹೋಗುವ ದಿನವನ್ನು ಗೊತ್ತು ಮಾಡಿಕೊಂಡು ಅವಳು ಊರಿಗೆ ಬಂದಾಗಲೇ ನಮಗೆ ವಿಷಯದ ತೂಕ ತಿಳಿದದ್ದು.

ಕಾಲವೂ ಅನುಕೂಲವಾಗಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲತೀರದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡಿದ್ದರು. ಆ ಸುದ್ದಿಯನ್ನು ದೂರದರ್ಶನದಲ್ಲಿ ಕಂಡ ಅವ್ವ ಅಂದು ಊಟ ಮಾಡಿರಲಿಲ್ಲ.

"ಯಾವ್ ಕಡ್ಲು ಕೂಸೆ ಅದು? ಆ ಹೆಣ್ಮಕ್ಳು ಹೋದ್ವಲ್ಲ, ಅದೇನಾ?" ಎಂದು ಕೇಳಿದರು.

"ಊರು ಅದೇ ಅಜ್ಜಿ. ಆದ್ರೆ ನಾವು ಅಲೇಲಿ ಆಡಕ್ಕೆ ಹೋಗ್ತಿಲ್ಲ. ಕಲಿಸೋರು ಪೂರ್ತಿ ಹೊತ್ತೂ ಜೊತೇಲೇ ಇರ್ತಾರೆ, ಹಿಡಿದ ಕೈ ಬಿಡಲ್ಲ" ಎಂದಳು ಮಗಳು.

"ಅವತ್ತು ಅವ್ನ ಕೈ ಹಿಡ್ಕಳಕ್ಕೆ ಯಾರೂ ಇರ್ನಿಲ್ಲ" ಎಂದು ಅವ್ವ ಎದ್ದು ಒಳಕ್ಕೆ ಹೋದರು.

ಎರಡು ದಿನ ಮನೆಯಲ್ಲಿ ಆ ಮಾತು ಬರಲಿಲ್ಲ. ಮೂರನೆಯ ದಿನ ಪೂಜೆ ಮುಗಿಸಿ ಬಂದು ವಿಭೂತಿ ಧರಿಸಿದ ಹಣೆಯಲ್ಲಿಯೇ ಕುಳಿತು ಅವ್ವ ತೀರ್ಪು ಹೇಳಿದರು: "ಹೋಗದಾದ್ರೆ ನಿಮ್ಮಪ್ಪನೂ ನಿನ್ ಜೊತೆ ನೀರಿಗಿಳೀಬೇಕು. ನಾನೂ ಬತ್ತೀನಿ. ದಡದಲ್ಲಿ ಕೂತಿರ್ತೀನಿ." ಮಗಳ ಮುಖ ಅರಳಿತು. ನಮ್ಮ ಗಂಟಲು ಒಣಗಿತು.

ಸ್ಕೂಬಾ ಎಂಬುದು ಉಸಿರಾಟದ ಸಲಕರಣೆಯನ್ನು ಮೈಮೇಲೆಯೇ ಹೊತ್ತು ನೀರಿನೊಳಗೆ ಇಳಿಯುವ ವಿದ್ಯೆ. ಮೊದಲಿನ ಕಾಲದಲ್ಲಿ ಮುಳುಗುವವರಿಗೆ ಮೇಲಿನ ಹಡಗಿನಿಂದ ಕೊಳವೆಯ ಮೂಲಕ ಗಾಳಿ ಒದಗಿಸಬೇಕಾಗುತ್ತಿತ್ತು. 1943ರಲ್ಲಿ ಫ್ರಾನ್ಸ್ ದೇಶದ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾಗ್ನಾನ್ ಎಂಬುವರು ಸೇರಿ, ನಾವು ಉಸಿರೆಳೆದಾಗ ಮಾತ್ರ ಬೇಕಾದಷ್ಟೇ ಗಾಳಿಯನ್ನು ಬಿಡುವ ಸಾಧನವನ್ನು ರೂಪಿಸಿದರು. ಆಳ ಎಷ್ಟೋ ಅಲ್ಲಿನ ಒತ್ತಡಕ್ಕೆ ಸರಿಯಾಗಿ ಅದು ಗಾಳಿಯನ್ನು ಕೊಡುತ್ತದೆ. ರೆಗ್ಯುಲೇಟರ್ ಎಂದು ಕರೆಯುವ ಆ ಪುಟ್ಟ ಯಂತ್ರವನ್ನು ಬಾಯಲ್ಲಿ ಕಚ್ಚಿಕೊಂಡರೆ ಮನುಷ್ಯ ಮೀನಿನ ಜೊತೆಗಾರನಾಗುತ್ತಾನೆ. ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೆಂದು ಬಹಳ ಮಂದಿ ತಿಳಿದಿದ್ದಾರೆ, ನಾವೂ ಹಾಗೆಯೇ ತಿಳಿದಿದ್ದೆವು. ಅದು ನಾವು ದಿನವೂ ಉಸಿರಾಡುವ ಸಾಧಾರಣ ಗಾಳಿಯೇ. ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿರುವುದರಿಂದ ಹನ್ನೊಂದು ಲೀಟರಿನ ಸಿಲಿಂಡರಿನಲ್ಲಿ ಎರಡು ಸಾವಿರ ಲೀಟರಿಗೂ ಮೀರಿದ ಗಾಳಿ ಅಡಗಿರುತ್ತದೆ.

ಮಗಳು ಕಳುಹಿಸಿದ ಆರೋಗ್ಯದ ಪ್ರಶ್ನಾವಳಿಯನ್ನು ಹಿಡಿದು ನಮ್ಮ ವೈದ್ಯರ ಬಳಿಗೆ ಹೋದೆವು. ಉಬ್ಬಸವಿದೆಯೇ, ಹೃದಯದ ತೊಂದರೆ ಇದೆಯೇ, ಕಿವಿಯ ಶಸ್ತ್ರಚಿಕಿತ್ಸೆಯಾಗಿದೆಯೇ, ಮೂರ್ಛೆರೋಗವುಂಟೇ ಎಂದೆಲ್ಲ ಅದರಲ್ಲಿ ಕೇಳಿದ್ದರು. ಒಳಗೊಳಗೇ ಏನಾದರೊಂದು ಸಿಕ್ಕಲಿ ಎಂದು ಹಾರೈಸಿದ್ದುಂಟು. ವೈದ್ಯರು ರಕ್ತದೊತ್ತಡ ನೋಡಿ, ಎದೆಗೆ ಕೊಳವೆಯಿಟ್ಟು ಕೇಳಿ, ನಗುತ್ತ ಸಹಿ ಹಾಕಿ ಕೊಟ್ಟರು.

ಫೆಬ್ರವರಿಯ ಒಂದು ಮುಂಜಾನೆ ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿಯ ದಾರಿ ಹಿಡಿದು ಘಟ್ಟ ಇಳಿದೆವು. ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳಗಳನ್ನು ದಾಟಿ ಸಂಜೆಗೆ ಮುರುಡೇಶ್ವರ ಸೇರಿದೆವು. ಮೂರು ಕಡೆ ಕಡಲು ಸುತ್ತುವರಿದ ಕಂದುಕಗಿರಿ, ಅದರ ಮೇಲೆ 123 ಅಡಿ ಎತ್ತರದ ಶಿವನ ವಿಗ್ರಹ, ಮುಂದೆ 237 ಅಡಿಯ ರಾಜಗೋಪುರ. ಅವ್ವ ದೇವರ ದರ್ಶನ ಮಾಡಿ ಬಹಳ ಹೊತ್ತು ಕೈಮುಗಿದು ನಿಂತಿದ್ದರು. ಏನು ಬೇಡಿಕೊಂಡರೆಂದು ನಾವು ಕೇಳಲಿಲ್ಲ.

ಆ ಸಂಜೆ ಈಜುಕೊಳವೊಂದರಲ್ಲಿ ನಮಗೆ ಪಾಠವಾಯಿತು. ಕಲಿಸಿದವರು ಕರಾವಳಿಯ ಯುವಕರು. ಅವರ ಮಾತು ಮೆದು, ಕಣ್ಣು ಚುರುಕು. ಮುಖ್ಯವಾಗಿ ಮೂರು ವಿಷಯಗಳನ್ನು ಹೇಳಿದರು. ಮೊದಲನೆಯದು, ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು. ಎರಡನೆಯದು, ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲನೆ ಗಾಳಿಯೂದಿ ಕಿವಿಯ ಒತ್ತಡವನ್ನು ಸರಿಮಾಡಿಕೊಳ್ಳಬೇಕು. ಮೂರನೆಯದು, ಕೈಸನ್ನೆ. ಹೆಬ್ಬೆರಳು ಮೇಲೆತ್ತಿದರೆ ಮೇಲಕ್ಕೆ ಹೋಗೋಣವೆಂದು ಅರ್ಥ. ಊರಿನಲ್ಲಿ ನಾವು ಚೆನ್ನಾಗಿದೆ ಎನ್ನಲು ಮಾಡುವ ಸನ್ನೆಯನ್ನು ಅಲ್ಲಿ ಮಾಡಿದರೆ ಹಿಡಿದು ಮೇಲಕ್ಕೆ ತಂದುಬಿಡುತ್ತಾರೆ! ಹೆಬ್ಬೆರಳಿಗೂ ತೋರುಬೆರಳಿಗೂ ಸುತ್ತು ಕೂಡಿಸಿ ತೋರಿಸಿದರೆ ಎಲ್ಲ ಕ್ಷೇಮವೆಂದು ತಿಳಿಯಬೇಕು.

ಉಸಿರು ಬಿಗಿಹಿಡಿಯಬಾರದೆಂಬುದಕ್ಕೆ ಕಾರಣವನ್ನೂ ಅವರು ವಿವರಿಸಿದರು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಕೆಳಗೆ ತುಂಬಿಕೊಂಡ ಗಾಳಿ ಮೇಲೆ ಬಂದಾಗ ಎರಡರಷ್ಟಾಗಿ ಉಬ್ಬುತ್ತದೆ. ಬಾಯಿ ಮುಚ್ಚಿ ಮೇಲೇರಿದರೆ ಪುಪ್ಪುಸಕ್ಕೆ ಅಪಾಯ. ಕೂಡಲಸಂಗಮಕ್ಕೆ ಹೋದವರಿಗೆ ಐಕ್ಯಮಂಟಪ ನೆನಪಿರಬಹುದು. ಸುತ್ತ ಹಿನ್ನೀರು, ನಡುವೆ ದೊಡ್ಡ ಬಾವಿಯಂತೆ ಕಟ್ಟಿದ ಗೋಡೆ, ಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಅಣ್ಣನವರಿಗೆ ಶರಣು ಸಲ್ಲಿಸಿ ಬರುತ್ತೇವೆ. ಅಲ್ಲಿ ನೀರಿನ ಭಾರವನ್ನೆಲ್ಲ ಗೋಡೆ ಹೊತ್ತಿರುತ್ತದೆ. ಕಡಲಿನಲ್ಲಿ ಗೋಡೆಯಿಲ್ಲ, ನಮ್ಮ ಮೈಯೇ ಹೊರಬೇಕು.

ನಮ್ಮ ಮನೆತನದವರಿಗೆ ಬರುವ ಇನ್ನೊಂದು ಪ್ರಶ್ನೆ ನಮಗೂ ಬಂತು. ಕೊರಳ ಸರ, ಉಂಗುರ, ಕೈಗಡಿಯಾರಗಳನ್ನೆಲ್ಲ ತೆಗೆದಿಡಿ ಎಂದು ಅವರು ಹೇಳಿದಾಗ ಅವ್ವ ನಮ್ಮ ಮುಖ ನೋಡಿದರು. ಇಷ್ಟಲಿಂಗವನ್ನು ಅಂಗದಿಂದ ಅಗಲಿಸುವುದುಂಟೇ? ಬೆಳ್ಳಿಯ ಕರಡಿಗೆಯನ್ನು ಮಾತ್ರ ತೆಗೆದು, ಲಿಂಗವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ತೋಳಿಗೆ ಬಿಗಿಯಾಗಿ ಕಟ್ಟಿ, ಮೇಲೆ ನೀರುಡುಪನ್ನು ತೊಡಬಹುದೇ ಎಂದು ಕೇಳಿದೆವು. ಆ ಯುವಕರು ಒಂದಿಷ್ಟೂ ಹಗುರವಾಗಿ ಕಾಣದೆ, ಕಟ್ಟು ರಕ್ತದ ಓಟಕ್ಕೆ ಅಡ್ಡಿಯಾಗುವುದಿಲ್ಲವೆಂಬುದನ್ನು ಪರೀಕ್ಷಿಸಿ ಒಪ್ಪಿದರು. ಮೈಗಂಟುವ ಆ ಉಡುಪಿನೊಳಗಿಂದ ಏನೂ ಜಾರುವ ಭಯವಿಲ್ಲ.

ಮರುದಿನ ಬೆಳಗ್ಗೆ ಎರಡು ಇಡ್ಲಿಯಷ್ಟೇ ತಿಂದು ದೋಣಿ ಹತ್ತಿದೆವು. ಹೊಟ್ಟೆ ತುಂಬ ತಿಂದರೆ ಕಡಲು ಒಪ್ಪುವುದಿಲ್ಲ. ಅವ್ವನೂ ನಮ್ಮ ಮನೆಯವರೂ ದಡದಲ್ಲಿ ನೆರಳಿರುವಲ್ಲಿ ಕುಳಿತರು. ನೇತ್ರಾಣಿ ಭಟ್ಕಳ ತಾಲ್ಲೂಕಿಗೆ ಸೇರಿದ ದ್ವೀಪ. ದಡದಿಂದ ಸುಮಾರು 19 ಕಿಲೋಮೀಟರ್ ದೂರ. ಅಲ್ಲಿಗೆ ಮುಟ್ಟಲು ಒಂದು ಗಂಟೆಯ ಮೇಲಾಯಿತು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಆ ತಿಂಗಳುಗಳಲ್ಲಿ ಯಾರನ್ನೂ ಕರೆದೊಯ್ಯುವುದಿಲ್ಲ. ಆಕಾಶದಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವ ಈ ದ್ವೀಪಕ್ಕೆ ಇಂಗ್ಲಿಷರು ಪಾರಿವಾಳದ ಹೆಸರಿಟ್ಟಿದ್ದರು. ಕಡಿದಾದ ಬಂಡೆಗಳ ಮೇಲೆ ದಟ್ಟ ಹಸಿರು, ಅದರ ಮೇಲೆ ಸುತ್ತುವ ಬಿಳಿ ಹೊಟ್ಟೆಯ ಕಡಲ ಹದ್ದುಗಳು. ಕಾಡಾಗಿ ಹೋದ ಆಡುಗಳೂ ಇವೆಯಂತೆ. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿಕೊಂಡಿದ್ದ ದ್ವೀಪವಿದು. ಪ್ರವಾಸಿಗರನ್ನು ನೆಲದ ಮೇಲೆ ಇಳಿಸುವುದಿಲ್ಲ, ದೋಣಿಯಿಂದಲೇ ನೀರಿಗೆ ಇಳಿಯಬೇಕು.

ಮಗಳು ಮೊದಲು ಇಳಿದಳು. ಅವಳ ತಲೆ ನೀರಿನಡಿಗೆ ಮರೆಯಾದ ಆ ಗಳಿಗೆಯಲ್ಲಿ ನಮಗೆ ಆದದ್ದನ್ನು ಬರೆಯಲು ಬಾರದು. ನಲವತ್ತೈದು ವರ್ಷಗಳ ಹಿಂದೆ ಹೊಳೆಯ ದಂಡೆಯಲ್ಲಿ ನಿಂತಿದ್ದ ಒಂಬತ್ತು ವರ್ಷದ ಹುಡುಗ ಮೈಯೊಳಗೆ ಎದ್ದು ನಿಂತ. ಅಷ್ಟರಲ್ಲಿ ಗುಳ್ಳೆಗಳು ಮೇಲೆದ್ದವು. "ನೋಡಿ ಸಾರ್, ಗುಳ್ಳೆ ಬರ್ತಾ ಇದೆ ಅಂದ್ರೆ ಉಸಿರಾಡ್ತಾ ಇದ್ದಾರೆ ಅಂತ. ಈಗ ನೀವು ಬನ್ನಿ" ಎಂದು ಗುರುವಾದ ಆ ತರುಣ ಕೈ ನೀಡಿದ. ಬೆನ್ನಿಗೆ ಹದಿನೈದು ಕಿಲೋ ತೂಗುವ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ, ಕಾಲಿಗೆ ರೆಕ್ಕೆ. ಇಳಿದೆವು.

ಮೊದಲ ಎರಡು ಮೀಟರಿನಲ್ಲಿಯೇ ಕಿವಿ ಇರಿದಂತಾಯಿತು. ಬಾಯಿಂದ ಉಸಿರಾಡುವುದು ಮರೆತುಹೋಗಿ ಮೂಗು ಗಾಳಿಗಾಗಿ ಒದ್ದಾಡಿತು. ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ತರುಣ ಹಿಡಿದ ಕೈ ಬಿಡಲಿಲ್ಲ. ನಮ್ಮನ್ನು ಮೇಲಕ್ಕೆ ತಂದು, ಅವಸರ ಮಾಡದೆ, "ಎಷ್ಟು ಹೊತ್ತಾದ್ರೂ ಆಗ್ಲಿ, ನಿಧಾನ" ಎಂದ. ಎರಡನೆಯ ಸಲ ಲಂಗರಿನ ಹಗ್ಗ ಹಿಡಿದು ಮೊಳ ಮೊಳವಾಗಿ ಇಳಿದೆವು. ಪ್ರತಿ ಮೊಳಕ್ಕೂ ಮೂಗು ಹಿಡಿದು ಊದಿದಾಗ ಕಿವಿಯೊಳಗೆ ಟಿಕ್ಕೆಂದು ಬಾಗಿಲು ತೆರೆದಂತಾಗುತ್ತಿತ್ತು. ಆಮೇಲೆ ನೋವಿರಲಿಲ್ಲ. ಕೇಳಿಸುತ್ತಿದ್ದುದು ಒಂದೇ ಸದ್ದು, ನಮ್ಮದೇ ಉಸಿರಿನ ಸದ್ದು. ಎಳೆದಾಗ ಒಂದು ಬಗೆ, ಬಿಟ್ಟಾಗ ಗುಳುಗುಳು ಎನ್ನುವ ಇನ್ನೊಂದು ಬಗೆ. ಶಿವಯೋಗದಲ್ಲಿ ಉಸಿರನ್ನು ಗಮನಿಸಿರೆಂದು ಹಿರಿಯರು ಹೇಳುತ್ತಾರೆ. ಅಲ್ಲಿ ಗಮನಿಸದೆ ಬೇರೆ ದಾರಿಯೇ ಇರಲಿಲ್ಲ.

ಎಂಟು ಮೀಟರಿನ ಆಳದಲ್ಲಿ ಬಂಡೆಗಳ ಬಳಿ ಮಗಳು ಕಾಯುತ್ತಿದ್ದಳು. ಬೆರಳ ಸುತ್ತು ತೋರಿಸಿದಳು, ನಾವೂ ತೋರಿಸಿದೆವು. ಅವಳ ಉಗುರಿಗೆ ಹಚ್ಚಿದ್ದ ಕಡುಗೆಂಪು ಬಣ್ಣ ಕಂದಿ ಕಪ್ಪಾಗಿ ಕಂಡಿತು. ಸೂರ್ಯನ ಬೆಳಕಿನ ಬಣ್ಣಗಳಲ್ಲಿ ನೀರು ಮೊದಲು ನುಂಗುವುದು ಕೆಂಪನ್ನೇ, ಉಳಿಯುವುದು ನೀಲಿ. ಮುಖಕವಚದ ಗಾಜಿನ ಮೂಲಕ ಎಲ್ಲವೂ ಮೂರರಲ್ಲೊಂದು ಪಾಲು ದೊಡ್ಡದಾಗಿ ಕಾಣುತ್ತದೆ. ಬಂಡೆಗಳ ಮೈಮೇಲೆ ಹವಳ. ಹಳದಿ ಬಿಳುಪಿನ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಸುಳಿದವು. ಗಿಳಿಯ ಕೊಕ್ಕಿನಂಥ ಬಾಯುಳ್ಳ ಮೀನೊಂದು ಹವಳದ ಬಂಡೆಯನ್ನು ಕೆರೆಕೆರೆದು ತಿನ್ನುತ್ತಿತ್ತು. ಬೆಳ್ಳಿಯ ಸಣ್ಣ ಮೀನುಗಳ ಗುಂಪೊಂದು ಗಾಳಿಗೆ ತಿರುಗುವ ರಾಗಿಯ ಪೈರಿನಂತೆ ಒಟ್ಟಿಗೆ ಹೊರಳಿತು. ಸಸ್ಯಾಹಾರಿಗಳಾದ ನಮ್ಮ ಮನೆಯವರು ಮೀನನ್ನು ಕಂಡದ್ದು ಸಂತೆಯ ಬುಟ್ಟಿಯಲ್ಲಿ ಮಾತ್ರ. ಅದಕ್ಕೆ ಇಂಥ ಮನೆ, ಇಂಥ ಸಂಸಾರ ಇದೆಯೆಂದು ಯೋಚಿಸಿದವರಲ್ಲ.

ಹವಳವೆಂದರೆ ಕಲ್ಲೆಂದೂ ಗಿಡವೆಂದೂ ತಿಳಿಯುವವರುಂಟು. ಅದು ಪುಟ್ಟ ಪುಟ್ಟ ಪ್ರಾಣಿಗಳ ಸಮೂಹ. ತಮ್ಮ ಮೈಯಲ್ಲಿ ಸೂಕ್ಷ್ಮ ಪಾಚಿಗಳಿಗೆ ಮನೆ ಕೊಟ್ಟು, ಅವು ಬಿಸಿಲಿನಿಂದ ತಯಾರಿಸಿದ ಆಹಾರವನ್ನು ಹಂಚಿಕೊಂಡು ಬದುಕುತ್ತವೆ. ಕಡಲ ನೀರು ಅತಿಯಾಗಿ ಬಿಸಿಯಾದರೆ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. 2024ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಬಿಳಿಚಿದ್ದವು. ನಮ್ಮ ನಾಗರಹೊಳೆಯಲ್ಲಿ ಹುಲಿಗೆ ಯಾವ ಕಾಯ್ದೆಯ ರಕ್ಷಣೆಯಿದೆಯೋ ಅದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳವನ್ನೂ ಕಾಯುತ್ತದೆ. ಒಂದು ತುಣುಕನ್ನು ಮುರಿದು ತಂದರೂ ಅಪರಾಧ. ಮುಟ್ಟಬೇಡಿ, ಕಾಲಿಡಬೇಡಿ, ನೋಡಿ ಬನ್ನಿ ಎಂದು ನಮಗೆ ಮೊದಲೇ ಹೇಳಿದ್ದರು.

ಇಪ್ಪತ್ತು ನಿಮಿಷಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಹೊರಡುವ ಮುನ್ನ ಒಮ್ಮೆ ತಲೆಯೆತ್ತಿ ಮೇಲೆ ನೋಡಿದೆವು. ನೀರಿನ ಮೇಲ್ಮೈ ಒಳಗಿನಿಂದ ಬೆಳ್ಳಿಯ ತಗಡಿನಂತೆ ಅಲುಗಾಡುತ್ತಿತ್ತು. ಬಿಸಿಲು ಕೋಲುಕೋಲಾಗಿ ಇಳಿದು ನಮ್ಮ ಕಾಲಬಳಿಯವರೆಗೂ ಬಂದಿತ್ತು.

ದಡಕ್ಕೆ ಮರಳಿದಾಗ ಮಧ್ಯಾಹ್ನ ಮೀರಿತ್ತು. ಅವ್ವ ಕುಳಿತಲ್ಲಿಂದ ಎದ್ದಿರಲಿಲ್ಲವೆಂದು ನಮ್ಮ ಮನೆಯವರು ಹೇಳಿದರು. ಬುತ್ತಿಯ ಗಂಟನ್ನೂ ಬಿಚ್ಚಿರಲಿಲ್ಲ. ಮಗಳು ಓಡಿಹೋಗಿ ತಬ್ಬಿಕೊಂಡಳು. ಅವಳ ಒದ್ದೆ ಕೂದಲನ್ನು ಸೆರಗಿನಿಂದ ಒರೆಸುತ್ತ ಅವ್ವ ನಮ್ಮ ಕಡೆ ತಿರುಗಿ ಒಂದೇ ಮಾತು ಕೇಳಿದರು:

"ಒಳಗೆ ಕತ್ತಲಾ ಮಗಾ?"

ಆ ಪ್ರಶ್ನೆ ನೇತ್ರಾಣಿಯ ಕುರಿತಾದದ್ದಲ್ಲವೆಂದು ನಮಗೆ ತಿಳಿಯಿತು. ಮನೆಯಲ್ಲಿ ಯಾರೊಡನೆಯೂ ಆಡದೆ ಅಷ್ಟು ವರ್ಷ ಇಟ್ಟುಕೊಂಡಿದ್ದ ಮಾತದು.

"ಇಲ್ಲ ಅವ್ವ, ಬೆಳಕಿದೆ. ಮೇಲಿಂದ ಬಿಸಿಲು ಪೂರ್ತಿ ಕೆಳಗಿನವರೆಗೂ ಬರುತ್ತೆ" ಎಂದೆವು. ಹೊಳೆಯ ನೀರೂ ಹಾಗೆಯೇ ಇರುತ್ತದೆಯೇ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಸ್ವಲ್ಪ ಹೊತ್ತು ಕಡಲನ್ನು ನೋಡುತ್ತಿದ್ದು, ಬುತ್ತಿ ಬಿಚ್ಚಿ ನಮಗೆಲ್ಲ ರೊಟ್ಟಿ ಬಡಿಸಿದರು. ಬಳಿಕ ತಾವೂ ತಿಂದರು.

ನಮ್ಮ ಕುಟುಂಬಗಳಲ್ಲಿ ಯಾರಾದರೂ ಇಂಥ ಪ್ರವಾಸಕ್ಕೆ ಹೊರಟರೆ ಕೆಲವು ಮಾತುಗಳು ಉಪಯೋಗಕ್ಕೆ ಬರಬಹುದೆಂದು ಬರೆಯುತ್ತೇವೆ. ಆರೋಗ್ಯದ ಪ್ರಶ್ನಾವಳಿಯಲ್ಲಿ ಏನನ್ನೂ ಮುಚ್ಚಿಡಬಾರದು. ನೆಗಡಿಯಿದ್ದರೆ ಆ ದಿನ ಇಳಿಯದಿರುವುದೇ ಲೇಸು, ಕಿವಿ ತೆರೆಯುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳನ್ನೂ ಗರ್ಭಿಣಿಯರನ್ನೂ ಇಳಿಸಬಾರದು. ಈಜು ಬಾರದವರೂ ಮಾರ್ಗದರ್ಶಕರ ಕೈಹಿಡಿದು ಇಳಿಯಬಹುದು, ಆದರೆ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿದವರ ಜೊತೆಗೆ ಮಾತ್ರ. ಮುಳುಗಿ ಬಂದ ದಿನವೇ ವಿಮಾನ ಹತ್ತಬಾರದು, ಹನ್ನೆರಡರಿಂದ ಹದಿನೆಂಟು ಗಂಟೆಗಳಾದರೂ ಕಳೆಯಬೇಕು. ದಡದ ಅಲೆಗಳಲ್ಲಿ ಆಡುವಾಗ ಜೀವರಕ್ಷಕರ ಮಾತನ್ನು ಮೀರಬಾರದು. ಹತ್ತೊಂಬತ್ತು ಕಿಲೋಮೀಟರ್ ಒಳಗಿನ ಕಡಲಿಗಿಂತ ಮಂಡಿಯುದ್ದದ ಅಲೆಯೇ ಹೆಚ್ಚು ಮಂದಿಯನ್ನು ಸೆಳೆದುಕೊಂಡಿದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮಕ್ಕಳಿಗೆ ಈಜು ಕಲಿಸುವುದು. 2021ರಲ್ಲಿ ಪ್ರಪಂಚದಲ್ಲಿ ಸುಮಾರು ಮೂರು ಲಕ್ಷ ಜನ ನೀರಿನಲ್ಲಿ ಮುಳುಗಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದೇ ವರ್ಷ ವಿಶ್ವಸಂಸ್ಥೆಯು ಜುಲೈ 25ನ್ನು ಮುಳುಗುವಿಕೆಯನ್ನು ತಡೆಯುವ ದಿನವೆಂದು ಗೊತ್ತುಪಡಿಸಿತು. ಹೊಳೆಗೆ ಬೇಲಿ ಹಾಕಲು ಬರುವುದಿಲ್ಲ. ಮಕ್ಕಳು ಒಂದಲ್ಲ ಒಂದು ದಿನ ನೀರಿನ ಬಳಿಗೆ ಹೋಗಿಯೇ ಹೋಗುತ್ತಾರೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿ ಹಿರಿಯರೇ ಈಜು ಕಲಿಸುತ್ತಿದ್ದರು. ಆ ಪದ್ಧತಿ ಮರೆಯಾದ ಮೇಲೆ ಅಂಜಿಕೆಯೊಂದನ್ನೇ ಮಕ್ಕಳಿಗೆ ಕೊಟ್ಟಿದ್ದೇವೆ. ಮೈಸೂರಿನಂಥ ಊರುಗಳಲ್ಲಿ ಈಗ ತರಬೇತುದಾರರಿರುವ ಈಜುಕೊಳಗಳಿವೆ, ಗಂಡು ಹೆಣ್ಣೆಂಬ ಭೇದವಿಲ್ಲದೆ ಕಲಿಸುತ್ತಾರೆ.

ಆ ಬೇಸಿಗೆಯಲ್ಲಿ ನಮ್ಮ ತಂಗಿಯ ಇಬ್ಬರು ಮಕ್ಕಳು ಅಂಥ ಒಂದು ಈಜುಕೊಳಕ್ಕೆ ಸೇರಿದರು. ಶುಲ್ಕವನ್ನು ಅವ್ವ ತಮ್ಮ ಸೆರಗಿನ ಗಂಟಿನಿಂದಲೇ ಬಿಚ್ಚಿ ಕೊಟ್ಟರು. ಕಲಿಸುವವರು ಪೂರ್ತಿ ಹೊತ್ತೂ ಅಲ್ಲಿಯೇ ಇರುತ್ತಾರೆಯೇ ಎಂದು ಎರಡು ಸಲ ಕೇಳಿ ತಿಳಿದುಕೊಂಡ ಮೇಲೆ.